ತುಂಬ ತಣ್ಣಗಿಡಿ

ಮಾರ್ಚ್ ೧೯, ಮಂಗಳವಾರ

ಪ್ರೀತಿಯ ಕುಳ್ಳಿಗೆ,

ಅಣ್ಣನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿನ್ನ ಎರಡು ಪತ್ರಗಳಿಗೂ ಉತ್ತರ ಕೊಡದೆ ಐದು ವಾರ ತಳ್ಳಿದೆ. ಕೆಲಸ ಜಾಸ್ತಿಯಿತ್ತು, ಬೆನ್ನು ನೋವಿತ್ತು ಎಂದೆಲ್ಲ ಹೇಳಬಹುದು. ಆದರೆ ನನ್ನ ಕಿವಿ ಕೆಂಪಾಗುವುದನ್ನು ನೋಡಿಯೇ ಸುಳ್ಳು ಹಿಡಿಯುತ್ತಿದ್ದವಳು ನೀನು. ಕಾಗದದಲ್ಲಿ ಕಿವಿ ಕಾಣುವುದಿಲ್ಲ ಅನ್ನುವುದೊಂದೇ ಧೈರ್ಯ. ತಡವಾಯಿತು, ಕ್ಷಮಿಸು.

ನಿನ್ನ ಅತ್ತಿಗೆ ಕನ್ನಡಕ ಹಾಕಿಸಿಕೊಂಡಿದ್ದಾಳೆ. ಅಂದಿನಿಂದ ಮನೆಯ ಮೂಲೆಮೂಲೆಯ ಧೂಳೂ ಕಣ್ಣಿಗೆ ಬಿದ್ದು, ಭಾನುವಾರವೂ ನನ್ನ ಕೈಗೆ ಪೊರಕೆ ಬರುತ್ತಿದೆ. "ನಿಮ್ಮ ತಂಗಿ ಹಾಗೆ ಖಾಲಿ ಡಬ್ಬಿ, ರಟ್ಟು ಎಲ್ಲ ಕೂಡಿಟ್ರೆ ನಾವು ಕೂರೋದೆಲ್ಲಿ?" ಎಂದು ನಿನ್ನನ್ನೂ ನಡುವೆ ಎಳೆಯುತ್ತಾಳೆ.

ನಮ್ಮ ಟ್ರಾನ್ಸ್‌ಪೋರ್ಟ್ ಕಂಪನಿಯ ಗೋದಾಮು ನೀನು ನೋಡಿದ್ದೀಯಲ್ಲ, ಈಗ ಅಲ್ಲಿ ಕಾಲಿಡಲು ಜಾಗವಿಲ್ಲ. ಆರೋಗ್ಯ ಇಲಾಖೆ ತನ್ನ ವ್ಯಾನುಗಳನ್ನು ನಿಲ್ಲಿಸಿ ಹಳ್ಳಿ ಆಸ್ಪತ್ರೆಗಳ ಔಷಧಿಯನ್ನು ನಮಗೆ ವಹಿಸಿದ ಮೇಲೆ, ಟೈರು, ಪಂಪು, ಮೀನಿನ ಪೆಟ್ಟಿಗೆಗಳ ಜೊತೆಗೆ ಅದೂ ಹೋಗುತ್ತದೆ. ಚೀಟಿ ಅಂಟಿಸುವವನು ನಾನು. ನಿಮ್ಮ ದಾರಿಯ ವ್ಯಾನು ಓಡಿಸುವವನು ನಮ್ಮ 'ಗಡಿಯಾರ'. ಹೇಳಿದ ಹೊತ್ತಿಗೆ ತಲುಪುತ್ತಾನೆಂದು ಆ ಹೆಸರು. ಚೀಟಿಯಲ್ಲಿ ಇದ್ದದ್ದನ್ನು ಚಾಚೂತಪ್ಪದೆ ಪಾಲಿಸುವ ಮನುಷ್ಯ. 'ಅಲುಗಾಡಿಸಬೇಡಿ' ಎಂದಿದ್ದರೆ ಗುಂಡಿ ಬಂದಾಗೆಲ್ಲ ಇಳಿದು ಹಿಂದೆ ಹೋಗಿ ನೋಡಿ ಬರುತ್ತಾನೆ.

ಇನ್ನು ನಿನ್ನ ವಿಷಯ. ಆಸ್ಪತ್ರೆಯ ಎದುರುಮನೆಯ ಟೈಲರಮ್ಮ ಹನ್ನೆರಡು ವರ್ಷ ನಿನ್ನ ಕೈಯಲ್ಲೇ ಇನ್ಸುಲಿನ್ ಚುಚ್ಚಿಸಿಕೊಂಡವರು. ಹೊಸ ಪೆಟ್ಟಿಗೆ ಬಂದ ನಾಲ್ಕನೇ ದಿನ ಸಕ್ಕರೆ ಏರಿ, ದೊಡ್ಡಾಸ್ಪತ್ರೆಯ ದಾರಿಯಲ್ಲೇ ತೀರಿಕೊಂಡರು. ವಿಚಾರಣೆಗೆ ಬಂದ ಅಧಿಕಾರಿ, "ಇದೇ ಔಷಧ ಹನ್ನೊಂದು ಹಳ್ಳಿಗೆ ಹೋಗಿದೆ, ಬೇರೆಲ್ಲೂ ಏನೂ ಆಗಿಲ್ಲ. ಅಂದ್ಮೇಲೆ ತಪ್ಪು ಔಷಧದ್ದಲ್ಲ ನರ್ಸಮ್ಮ, ನಿಮ್ಮ ಕೈಯದು" ಅಂದರಂತೆ. ತಿಂಗಳ ಕೊನೆಗೆ ನಿನ್ನ ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯುತ್ತದೆ. ನಿನ್ನ ಕೈಗುಣ ಹೊಗಳುತ್ತಿದ್ದವರೇ ಈಗ ಮಕ್ಕಳ ಜ್ವರಕ್ಕೂ ನಿನ್ನ ಬಾಗಿಲು ದಾಟಿ ಮುಂದಿನ ಊರಿಗೆ ನಡೆಯುತ್ತಾರೆ. "ಅಣ್ಣಾ, ನನ್ನ ಕೈಯೇ ಅವರನ್ನ ಕೊಂದಿತಾ?" ಎಂದು ಮೊದಲ ಪತ್ರದಲ್ಲಿ ನೀನು ಕೇಳಿದ್ದೆ. ಅದನ್ನು ಓದಿ ಗೋದಾಮಿನ ಹಿಂದೆ ಹೋಗಿ ಅತ್ತೆ.

ಎರಡನೇ ಪತ್ರದಲ್ಲಿ ನಾಲ್ಕೇ ಸಾಲು. "ಅಧಿಕಾರಿ ಪೆಟ್ಟಿಗೆ ತೋರಿಸು ಅಂದ್ರು, ಒಲೆಗೆ ಹಾಕಿದೆ ಅಂದೆ. ನನ್ನ ವಿಷಯ ಬಿಡು ಅಣ್ಣಾ. ಯಾರನ್ನೂ ಏನೂ ಕೇಳೋಕೆ ಹೋಗಬೇಡ. ಅತ್ತಿಗೇನ ಚೆನ್ನಾಗಿ ನೋಡ್ಕೋ."

ಮೊದಲ ಪತ್ರ ಬಂದ ವಾರವೇ ಔಷಧ ಉಗ್ರಾಣದ ಮೇಡಂ ನಮಗೆಲ್ಲ ಪಾಠ ಹೇಳಲು ಬಂದಿದ್ದರು. "ಇನ್ಸುಲಿನ್ ತಣ್ಣಗಿರ್ಬೇಕು, ಆದ್ರೆ ಹೆಪ್ಪುಗಟ್ಟಬಾರದು. ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು. ಕರಗಿದ್ಮೇಲೆ ನೋಡೋಕೆ ಮೊದಲಿನ ಹಾಗೇ ಕಾಣಬಹುದು, ಒಳಗೆ ಕಸುವಿರಲ್ಲ" ಅಂದರು. ಗಡಿಯಾರ ತಿರುಗಿ ನನ್ನ ಮುಖ ನೋಡಿದ. ನಾನು ಗೋಂದಿನ ಡಬ್ಬಿಯ ಮುಚ್ಚಳ ಹುಡುಕುವವನಂತೆ ಬಗ್ಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಒಬ್ಬಳೇ ಕೂತು ಕೊರಗಬೇಡ. ನಿನ್ನ ಕೈಗೆ ಯಾವ ಕೆಟ್ಟ ಹೆಸರೂ ಅಂಟದಿರಲಿ, ಆ ಕೈಯಿಂದ ಇನ್ನೂ ನೂರು ಜನ ಬದುಕಲಿ ಎಂದು ಮನಸಾರೆ ಹರಸುತ್ತೇನೆ.

ನಿನ್ನ
ಅಣ್ಣ

ತಾ. ಕ.: ಇಲ್ಲಿಗೇ ಮುಗಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ.

ಪಾಠ ಮುಗಿದ ಮೇಲೆ ಗಡಿಯಾರ ನನ್ನನ್ನು ಪಕ್ಕಕ್ಕೆ ಕರೆದ. "ಬೇರೆ ಊರಿನವನ್ನ ಯಾವಾಗಿನ ಹಾಗೆ ಸೀಟಿನ ಹಿಂದಿನ ತಂಪು ಡಬ್ಬದಲ್ಲಿ ಇಟ್ಟಿದ್ದೆ. ನಿಮ್ಮ ತಂಗಿ ಊರಿನದನ್ನ ಮಾತ್ರ ಪ್ಲಾಸ್ಟಿಕ್ ಸುತ್ತಿ, ಮೀನಿನ ಪೆಟ್ಟಿಗೆಯ ಉಪ್ಪು ಬೆರೆಸಿದ ಐಸಿನೊಳಗೆ ಹೂತಿಟ್ಟೆ. ನೀವೇ ಬರೆದಿದ್ರಲ್ಲಣ್ಣ" ಅಂದ. ಹೌದು, ನಾನೇ. ಎಲ್ಲ ಚೀಟಿಯಲ್ಲೂ 'ತಣ್ಣಗಿಡಿ' ಎಂದು ಅಚ್ಚಾಗಿರುತ್ತದೆ. ಆ ಪೆಟ್ಟಿಗೆಗಳು ಹೊರಟ ದಿನ ಬಿಸಿಲು ಸುಡುತ್ತಿತ್ತು. ನಿನ್ನ ಪೆಟ್ಟಿಗೆಯಲ್ಲವೇ ಎಂಬ ಅಕ್ಕರೆಗೆ, ಅದೊಂದರ ಮೇಲೆ ಕೆಂಪು ಶಾಯಿಯಲ್ಲಿ 'ತುಂಬ' ಎಂದು ಸೇರಿಸಿದೆ. ಹನ್ನೊಂದು ಹಳ್ಳಿಗಳಲ್ಲಿ ನಿನ್ನೊಬ್ಬಳ ಕೈ ಸೋತದ್ದು ಹೀಗೆ. ಯಾರಿಗೂ ಹೇಳಬೇಡವೆಂದು ಅವನ ಕೈ ಹಿಡಿದುಕೊಂಡೆ. ಕೆಲಸದ ಭಯ, ಜೈಲಿನ ಭಯ. ಐದು ವಾರ ತಡವಾದದ್ದು ಅದಕ್ಕೆ.

ಇದನ್ನೆಲ್ಲ ಬರೆದು ಅಧಿಕಾರಿಗೂ ಅಂಚೆಗೆ ಹಾಕಿದ್ದೇನೆ. ಹಾಗಾಗಿ ಈ ಪತ್ರವನ್ನು ನೀನು ಸುಟ್ಟರೂ ಪ್ರಯೋಜನವಿಲ್ಲ.

ಒಂದು ಮಾತು ಕೇಳಲೇ? ಒಂದು ಹಾಳು ರಟ್ಟನ್ನೂ ಬಿಸಾಡದವಳು ಆ ಪೆಟ್ಟಿಗೆಯನ್ನು ಮಾತ್ರ ಏಕೆ ಒಲೆಗೆ ಹಾಕಿದೆ? ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು. ನನ್ನ 'ತ' ನಿನಗೆ ಗುರುತು ಸಿಕ್ಕಿತ್ತಲ್ಲವೇ, ಕುಳ್ಳಿ?