ಉಪ್ಪಿನ ಭರಣಿಯ ಉಪಾಯ

13 ಜೂನ್ 2007, ಬುಧವಾರ

ಮಾನ್ಯ ಅಧ್ಯಕ್ಷರೇ, ಪ್ರಾಸಪ್ರಿಯರೇ, ಸ್ಟೋರ್ ರೂಮಿನ ಸೊಳ್ಳೆಗಳೇ! ಕಾರವಾರದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನ ಬಾಟಲಿ-ಪಾಲಕ, ಕನ್ನಡ ಮೀಡಿಯಂ ಬಿ.ಎ., ಅವರ್ಸಾದ ಪುಂಡಲೀಕ ತಮ್ಮೆದುರು ವರದಿ ಒಪ್ಪಿಸುತ್ತಿದ್ದಾನೆ.

ಲ್ಯಾಬಿನ ನೈಟ್ರೇಟ್ ಲವಣ ಮತ್ತೆ ಒದ್ದೆ. ತೇವ ಹೀರುವ ಜೆಲ್ ಮುಗಿದು ತಿಂಗಳಾಯಿತು.

ಹೊರಗೆ ಮಳೆ, ಒಳಗೆ ತೇವ—
ನೈಟ್ರೇಟಿಗೂ ನೆಗಡಿ, ದೇವಾ!

ಪಿಎಚ್.ಡಿ. ಮಾಡುವ ವೈಶಾಲಿ ಗೊಣಗಿದಳು: "ಮಾಮಾ, ಇದು ನೈಟ್ರೇಟೋ ಪಾಯಸವೋ? ತೂಕ ಮಾಡೂದು ಹೆಂಗೆ?"

"ಗೋಡಂಬಿ ಹಾಕೂದೊಂದೇ ಬಾಕಿ, ತಂಗಿ."

ಅವಳ ಅಡುಗೆ ಹೀಗೆ: ನೈಟ್ರೇಟು, ಗ್ಲೈಸಿನ್ನು ನೀರಲ್ಲಿ ಕರಗಿಸಿ ಫರ್ನೇಸೆಂಬ ಕರೆಂಟಿನ ಕುಲುಮೆಗೆ. ಗ್ಲೈಸಿನ್ನೇ ಇಂಧನ. ಭುಗ್ಗೆಂದು ಹೊತ್ತಿ, ಹೂವಿನಷ್ಟು ಹಗುರ ಪುಡಿ ಉಳಿಯುತ್ತದೆ—ನ್ಯಾನೋ. ಫ್ಯೂಯೆಲ್ ಸೆಲ್ಲಿಗೆ ಬೇಕಂತೆ. ಇಂಧನದ ಅಳತೆ ಮಾತ್ರ ತಪ್ಪಬಾರದು.

ಮನೆಯಲ್ಲಿ ಹೀರಾ ಉಪ್ಪಿನ ಭರಣಿಗೆ ಹುರಿದ ಅಕ್ಕಿ ಹಾಕಿಡುತ್ತಾಳೆ. ಮಳೆಗಾಲವಿಡೀ ಉಪ್ಪು ಉದುರುದುರು. ಬಿ.ಎ. ಮಾಡದೆಯೂ ಹೆಂಡತಿಗೆ ಎಷ್ಟು ಬುದ್ಧಿ!

18 ಜೂನ್

ನೈಟ್ರೇಟ್ ಒಣಗಿದೆ. "ಎಂತ ಮಂತ್ರ ಹಾಕಿದ್ರಿ, ಮಾಮಾ?" ಎಂದಳು ವೈಶಾಲಿ. ನಕ್ಕು ಬಾಟಲಿ ಕೊಟ್ಟೆ. ಮಂತ್ರವಾದಿ ಗುಟ್ಟು ಬಿಡಬಾರದು.

20 ಜೂನ್, ಸಂಜೆ 6

ಫರ್ನೇಸಿನ ಬಾಗಿಲ ಸಂದಿಯಿಂದ ಜ್ವಾಲೆ ಹೊರಗೇ ಚಿಮ್ಮಿತು. ವೈಶಾಲಿಯ ಹುಬ್ಬು ಸುಟ್ಟಿದೆ. ಬಲಗೈ ಬೆಂದಿದೆ. ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದವ ನಾನೇ. ದಾರಿಯುದ್ದಕ್ಕೂ ಒಂದೇ ಮಾತು: "ಗ್ಲೈಸಿನ್ ಎರಡು ಸಲ ತೂಗಿದ್ದೆ ಮಾಮಾ… ಎರಡು ಸಲ."

ಇಂದು ಪ್ರಾಸ ಬೇಡ.

21 ಜೂನ್

ಅವಳ ಗೈಡ್ ಮಧುಕರ ಸರ್ ಕೂಗಾಡಿದರು. "ಫ್ಯೂಯೆಲ್ ಜಾಸ್ತಿ ಆಗದೆ ಇಂಥ ಬೆಂಕಿ ಏಳೂದಿಲ್ಲ. ತೂಕ ತಪ್ಪಿಸಿದ್ದಾಳೆ. ಇನ್ನು ಲ್ಯಾಬಿಗೆ ಸೇರಿಸೂದಿಲ್ಲ!" ನನ್ನತ್ತ ತಿರುಗಿ: "ಬಾಟಲಿ ಸರಿ ಇತ್ತಲ್ಲ, ಪುಂಡಲೀಕ?"

"ಇತ್ತು, ಸರ್."

ಎರಡೇ ಶಬ್ದ. ಬಾಯಿ ಒಣಗಿಹೋಯಿತು. ಯಾವ ಜೆಲ್ಲೂ ಇಷ್ಟು ಒಣಗಿಸಲಾರದು.

26 ಜೂನ್

ಅವರ್ಸಾದಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದೆ. ಆ ನೈಟ್ರೇಟ್ ಬಾಟಲಿ ಸ್ಟೋರಿನ ಕಪಾಟಿನಲ್ಲೇ ಇದೆ. ಬಿಸಾಡಿದರೆ ಯಾಕೆ ಎಂದು ಕೇಳುತ್ತಾರೆ. ಇಟ್ಟುಕೊಂಡರೆ…

ಹೀರಾ ಸಾರಿಗೆ ಉಪ್ಪು ಹಾಕುತ್ತಿದ್ದಳು. ಭರಣಿ ಕಂಡು ಎದ್ದುಹೋದೆ.

2 ಜುಲೈ, ಬೆಳಿಗ್ಗೆ 10.10

ವೈಶಾಲಿ ಬಂದಿದ್ದಾಳೆ. ಕೈಗೆ ಬ್ಯಾಂಡೇಜು. ಕಾಡಿಬೇಡಿ ಒಂದು ಅವಕಾಶ ಪಡೆದಿದ್ದಾಳೆ. "ಅದೇ ಬಾಟಲಿ, ಅದೇ ತೂಕ. ಸರ್ ಎದುರಿಗೇ ಮಾಡಿ ತೋರಿಸ್ತೆ ಮಾಮಾ. ತಪ್ಪು ನಂದಲ್ಲ." ಫರ್ನೇಸ್ ಆಗಲೇ ಕಾಯುತ್ತಿದೆ. ಹತ್ತೂವರೆಗೆ ಶುರು. ಬಾಟಲಿ ಹುಡುಕುತ್ತೇನೆಂದು ಹೇಳಿ, ಸ್ಟೋರಿಗೆ ಬಂದು ಚಿಲಕ ಹಾಕಿಕೊಂಡಿದ್ದೇನೆ.

ಸಭಿಕರೇ—

ಯಾವ ಸಭಿಕರು? ಯಾರೂ ಇಲ್ಲ. ನೈಟ್ರೇಟಿಗೆ ಅಕ್ಕಿ ಹಾಕಿದವ ನಾನು. ಹುರಿದ ನುಚ್ಚಕ್ಕಿ, ಎರಡು ಹಿಡಿ. ಆಮೇಲೆ ಜರಡಿ ಹಿಡಿದು ಕಾಳು ತೆಗೆದೆ. ಅಕ್ಕಿಯ ಹಿಟ್ಟು ಬಾಟಲಿಯಲ್ಲೇ ಉಳಿಯಿತು. ಅಕ್ಕಿಯೂ ಇಂಧನವೇ ಎಂದು ಆ ಜ್ವಾಲೆ ಕಂಡ ಕ್ಷಣವೇ ತಿಳಿದಿತ್ತು. ತಿಳಿದೂ "ಇತ್ತು, ಸರ್" ಎಂದೆ.

ಬಾಗಿಲು ಬಡಿಯುತ್ತಿದ್ದಾಳೆ. "ಮಾಮಾ, ಸಿಕ್ತಾ?"

ಬಾಟಲಿ ನನ್ನ ತೊಡೆಯ ಮೇಲಿದೆ. ಚಿಲಕ ತೆಗೆದು ಹೇಳಿಬಿಡಬೇಕು. ಮೊದಲು ಯಾವ ಮಾತು—