ಉಲ್ಟಾ ಸುತ್ತಿದ ದಾರ

ಮಾರ್ಚ್ 4

ಮತ್ತೆ ಅದೇ. ಗಾಳದ ನೈಲಾನ್ ದಾರವನ್ನು ಡ್ರಿಲ್ ಮೆಷಿನ್‌ಗೆ ಕಟ್ಟಿ ಹುರಿ ಮಾಡುವುದು, ಸಣ್ಣ ಸರಳಿಗೆ ಸುತ್ತುವುದು, ಓವನ್‌ನಲ್ಲಿಟ್ಟು ತೆಗೆಯುವುದು. ಸ್ಪ್ರಿಂಗ್ ಸಿದ್ಧ. ತೆಳು ತಂತಿಯಿಂದ ಬಿಸಿ ಕೊಟ್ಟರೆ ಕುಗ್ಗಿ ರಬ್ಬರ್ ಬೆರಳನ್ನು ಬಾಗಿಸುತ್ತದೆ. ಮೋಟರಿಲ್ಲ, ಸದ್ದಿಲ್ಲ. ನನ್ನ ಮೂರು ಬೆರಳಿನ ರೋಬೋಟ್ ಕೈ ಇಂದು ಮೊಟ್ಟೆ ಎತ್ತಿತು! ಬಾಸ್ ಬಂದರು, ನೋಡಿದರು, ಸುಮ್ಮನೆ ಸ್ವಿಚ್ ಆರಿಸಿದರು. ದಾರ ತಣ್ಣಗಾಯಿತು, ಬೆರಳು ಸಡಿಲವಾಯಿತು, ಮೊಟ್ಟೆ ನೆಲದ ಪಾಲು.

“ಕರೆಂಟ್ ಹೋದ್ರೆ ಬೀಳಿಸೋ ಕೈ ಯಾರಿಗೆ ಬೇಕಮ್ಮಾ? ತಿಂಗಳ ಕೊನೇಲಿ ಡೆಮೊ. ಆಗ್ಲಿಲ್ಲ ಅಂದ್ರೆ ಈ ಪ್ರಾಜೆಕ್ಟ್ ಮುಚ್ಚಿಬಿಡೋಣ.”

ಮುಚ್ಚಿಬಿಡೋಣವಂತೆ. ನೆಲ ಒರೆಸಿದ್ದೂ ನಾನೇ.

ಮಾರ್ಚ್ 7

ದಾರ ಸುತ್ತಲು ಅಕ್ಕನನ್ನು ಹಚ್ಚಿದೆ. ಹೊಲಿಗೆ ಅಂಗಡಿ ಮುಚ್ಚಿ ನನ್ನ ಜೊತೆ ಇರಲು ಬಂದಾಗಿನಿಂದ ಕಿಟಕಿಯ ಪಕ್ಕ ಕೂತೇ ಇದ್ದಾಳೆ. ಹುರಿ ಮಾಡಿ ತಂದುಕೊಡುವುದು ನಾನು, ಸುತ್ತುವುದು ಅವಳು.

“ಏನೇ ಇದು, ಸೊಳ್ಳೆಗೆ ಕರುಳು ಮಾಡ್ತಿದ್ದೀಯಾ?” ಎಂದು ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು...

ಮಾರ್ಚ್ 12

ಇಡೀ ಡಬ್ಬಿ ಹಾಳು. ಅಕ್ಕ ಸುತ್ತಿದ್ದೆಲ್ಲ ಬಿಸಿಗೆ ಕುಗ್ಗುವ ಬದಲು ಉದ್ದವಾಗುತ್ತಿದೆ. ಅಕ್ಕ ಎಡಚಿ — ನನಗೆ ಹೊಳೆಯಲೇ ಇಲ್ಲ. ನನ್ನ ಹುರಿ ಒಂದು ದಿಕ್ಕು, ಅವಳ ಸುತ್ತು ಅದರ ಎದುರು ದಿಕ್ಕು. ಎರಡೂ ಒಂದೇ ದಿಕ್ಕಿಗಿದ್ದರೆ ಮಾತ್ರ ಕುಗ್ಗುತ್ತದೆ. ಹೇಳಿಕೊಡದವಳು ನಾನು. ಕೂಗಾಡಿದ್ದೂ ನಾನೇ.

“ಚಿಕ್ಕೋಳಿದ್ದಾಗ ಅಮ್ಮ ನಿನ್ನ ಎಡಗೈ ಕಟ್ಟಿಹಾಕ್ತಿದ್ದದ್ದೇ ಸರಿ” ಅಂದುಬಿಟ್ಟೆ.

ಅಕ್ಕ ಸರಳನ್ನು ಕೆಳಗಿಟ್ಟಳು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು. ಈ ಹಾಳು ನಾಲಿಗೆ.

ಮಾರ್ಚ್ 19

ಮಾತಾಡುತ್ತಾಳೆ — ಹಾಲು ಬಂತು, ಬಾಗಿಲು ಹಾಕ್ಕೋ. ಅಷ್ಟೇ. ಇಂದು ಇನ್ನೊಂದು: “ತಿಂಗಳು ಮುಗೀಲಿ, ಚಿಕ್ಕಮ್ಮನ ಮನೆಗೆ ಹೋಗ್ತೀನಿ.”

ಮಾರ್ಚ್ 21

ಬಿಸಾಡಲು ಮನಸ್ಸಾಗದೆ ಇಟ್ಟಿದ್ದ ಅಕ್ಕನ ಡಬ್ಬಿ. ಅದರಲ್ಲೊಂದನ್ನು ತೆಗೆದು ರಬ್ಬರ್ ಬೆರಳಿನ ಒಳಬದಿಗೆ ಬಿಗಿಯಾಗಿ ಕಟ್ಟಿದೆ. ತಣ್ಣಗಿರುವಾಗಲೇ ಬೆರಳು ಬಾಗಿತು. ಬಿಸಿ ಕೊಟ್ಟೆ — ಬಿಚ್ಚಿಕೊಂಡಿತು. ಆರಿಸಿದೆ — ಮತ್ತೆ ಮುಚ್ಚಿತು. ಅಂದರೆ... ಹಿಡಿಯಲು ಕರೆಂಟೇ ಬೇಡ! ಬಿಡಲು ಮಾತ್ರ ಬೇಕು.

ಮೂರೂ ಬೆರಳಿಗೆ ಕಟ್ಟಿ, ಮೊಟ್ಟೆ ಕೊಟ್ಟು, ಪ್ಲಗ್ ಕಿತ್ತು ಊಟಕ್ಕೆ ಹೋದೆ. ಬಂದಾಗಲೂ ಹಿಡಿದುಕೊಂಡೇ ಇತ್ತು. ಮೊದಲು ಅಕ್ಕನಿಗೆ ಹೇಳಬೇಕು ಅನ್ನಿಸಿತು. ಮನೆಗೆ ಬಂದೆ, ಹೇಳಲಿಲ್ಲ. ನಾಚಿಕೆ.

ಮಾರ್ಚ್ 29, ಸಂಜೆ

ಡೆಮೊ ಆಯಿತು. ಬಾಸ್ ಪ್ಲಗ್ ಕಿತ್ತು ಕಾದರು, ಕಾದರು, ಕೊನೆಗೆ ತಾವೇ ನಕ್ಕುಬಿಟ್ಟರು. ಕೆಲಸ ಮುಂದುವರಿಯುತ್ತದೆ. ಐದು ಬೆರಳಿನ ಕೈ ಬೇಕಂತೆ.

ಮನೆಗೆ ಬಂದರೆ ಬಾಗಿಲ ಹತ್ತಿರ ಅಕ್ಕನ ಸೂಟ್‌ಕೇಸ್. ನಾಳೆ ಬೆಳಿಗ್ಗೆ ಬಸ್ಸು. ಚಪ್ಪಲಿಯನ್ನೂ ಬಿಡದೆ ಎಲ್ಲ ಹೇಳಿದೆ. ಉಲ್ಟಾ ಸುತ್ತಿದ್ದೇ ಕೈ ಹಿಡಿಯಿತು, ಇನ್ನೂ ಬೇಕು, ನೀನೇ ಸುತ್ತಿಕೊಡು ಅಂದೆ.

ಅಕ್ಕ ಕೇಳಿದಳು, “ಅಲ್ವೇ, ನಿನ್ನ ಮೆಷಿನ್ನೇ ಉಲ್ಟಾ ತಿರುಗ್ಸಿದ್ರೆ ಆಯ್ತಲ್ಲ? ಆಮೇಲೆ ನೀನೇ ಸುತ್ಕೋಬಹುದು.”

“ಸುತ್ಕೋಬಹುದು.”

“ಮತ್ತೆ ನಾನ್ಯಾಕೆ?”

“ನೀನು ಹೋಗ್ಬಾರ್ದು ಅಂತ. ಅವತ್ತು ನಾನು ಆ ಮಾತು ಅನ್ಬಾರ್ದಿತ್ತು ಅಕ್ಕ.”

ಅಕ್ಕ ಸೂಟ್‌ಕೇಸ್ ಎತ್ತಿಕೊಂಡು ಕೋಣೆಗೆ ಹೋದಳು. ಅಳು ಬಂತು. ಅದಕ್ಕೇ ಬರೆಯಲು ಕೂತೆ.

ಈಗ ಒಳಗಿಂದ ಕೂಗುತ್ತಿದ್ದಾಳೆ. ದಾರದ ತುದಿ ಹಿಡಿದುಕೊಳ್ಳಲು ಯಾರೂ ಇಲ್ಲವಂತೆ. ಬಂದೆ ಅಂದೆ. ಎಡಗೈಯಲ್ಲೇ ಹಿಡಿಯಬೇಕಂತೆ, ಬಲಗೈ ತಂದರೆ ಕಟ್ಟಿಹಾಕುತ್ತಾಳಂತೆ, ಮತ್ತೆ ಕೂಗು, ಬಂದೆ ಅಕ್ಕ, ಬಂ—