ಮೊದಲ ಹಂದಿ ಯಾರ ಮನೆಯದು

ನವೆಂಬರ್ 3, ಸಂಜೆ

ಇವತ್ತು ಎರಡು ಆತ್ಮ ಕರೆದೆ. ಒಂದು ಬಂತು. ಇನ್ನೊಂದು ಮೊಂಡು, ನಾಳೆ ಮತ್ತೆ ಹೋಗಬೇಕು. ಊರ ಪೂಜಾರಿ, ಬಿಮೊ ಆದವನ ಬಾಳೇ ಇಷ್ಟು: ಮಂತ್ರದ ಪೋಥಿ ಹೊತ್ತು, ಮೈಬಿಟ್ಟು ಹೋದ ಊರವರ ಆತ್ಮ ಹುಡುಕಿಕೊಂಡು ಬೆಟ್ಟ ಅಲೆಯುವುದು, ಮನೆಗೆ ಬಂದು ನನ್ನ ಕನ್ನಡಕ ಎಲ್ಲಿ ಅಂತ ಹೆಂಡತಿಯನ್ನು ಕೇಳುವುದು.

ನಮ್ಮ ಬೆಟ್ಟದವರ ಹೊಸವರ್ಷಕ್ಕೆ ಈ ತಿಂಗಳಲ್ಲೇ ದಿನ ಗೊತ್ತುಮಾಡಿದ್ದಾಯಿತು. ಹದಿನೇಳು. ಹಾಳೆ ತಿರುವಿದೆ, ಹುಬ್ಬು ಗಂಟಿಕ್ಕಿದೆ, ಮೂರು ಸಲ "ಹೂಂ" ಅಂದೆ. ದಿನ ಮೊದಲ ನೋಟಕ್ಕೇ ಸಿಕ್ಕಿತ್ತು. ಬೇಗ ಹೇಳಿದರೆ ಜನ ನಂಬುವುದಿಲ್ಲ.

ಊಟಕ್ಕೆ ಕೂತಾಗ ಅವ್ವ ಶುರುಮಾಡಿದಳು. "ಈ ಸಲಾನೂ ಮೊದಲ ಹಂದಿ ಆ ಲಾತಿ ಅವ್ವನ ಮನೇದೇ ಏನು?"

ಪ್ರಕರಣದ ಸಾರಾಂಶ, ನೂರನೆಯ ಸಲ ಬರೆಯುತ್ತಿದ್ದೇನೆ. ಹೊಸವರ್ಷದ ಬೆಳಿಗ್ಗೆ ಊರಿಗೆಲ್ಲ ಹಿರಿಯರ ಮನೆಯ ಹಂದಿ ಮೊದಲು ಬೀಳಬೇಕು, ಆಮೇಲೆ ಉಳಿದವರದು. ಲಾತಿಯ ಅವ್ವ ಜಿಹಾಮೊ ನನಗೆ ದೊಡ್ಡಮ್ಮ, ನಮ್ಮವ್ವನಿಗೆ ಓರಗಿತ್ತಿ. ಇಬ್ಬರೂ ಒಂದೇ ಕುದುರೆ ವರ್ಷದಲ್ಲಿ ಹುಟ್ಟಿದವರು, ಎಂಬತ್ತು ದಾಟಿದವರು. ತಿಂಗಳು ಯಾರೂ ಬರೆದಿಟ್ಟಿಲ್ಲ. ನಾನು ಕಹಿಗೋಧಿ ಹೂಬಿಟ್ಟಾಗ ಹುಟ್ಟಿದವಳು, ಅವಳು ಆಮೇಲೆ, ಆಲೂಗೆಡ್ಡೆ ಅಗೆಯುವಾಗ — ಇದು ಅವ್ವನ ವಾದ. ದೊಡ್ಡಮ್ಮನದೂ ಇದೇ ವಾದ, ತಿರುಗುಮುರುಗು. ಹನ್ನೊಂದು ವರ್ಷದ ಹಿಂದೆ ಊರು ದೊಡ್ಡಮ್ಮನ ಕಡೆ ತೀರ್ಪು ಕೊಟ್ಟಿತು. ಅವತ್ತಿನಿಂದ ಅವ್ವನ ಬಾಯಲ್ಲಿ "ಅಕ್ಕ" ಅನ್ನೋ ಮಾತು ಬಂದಿಲ್ಲ. ಲಾತಿ ಅವ್ವ, ಅಷ್ಟೇ.

ನವೆಂಬರ್ 6

ಬೇಲಿಯ ಹತ್ತಿರ ವಾರ್ಷಿಕ ಕಲಾಪ.

ದೊಡ್ಡಮ್ಮ: "ಏನೇ ತಂಗಿ, ಹಂದೀನ ಭಾರೀ ಮೇಯಿಸಿದ್ದೀಯ. ಎರಡನೇ ಹಂದಿಗೆ ಅಷ್ಟು ಕೊಬ್ಬು ಯಾಕೆ?"

ಅವ್ವ: "ತಂಗಿ ಗಿಂಗಿ ಅನ್ನಬೇಡ. ನೀನು ಹುಟ್ಟೋ ಹೊತ್ತಿಗೆ ನಾನು ಎದ್ದು ಕೂತಿದ್ದೆ."

"ಹೌದೌದು. ಕೂತವಳು ಆಮೇಲೆ ಏಳಲೇ ಇಲ್ಲ. ಮನೆಕೆಲಸ ಎಲ್ಲಾ ನಾನೇ ಮಾಡಿದೆ."

ಹತ್ತು ನಿಮಿಷ ಬಿಟ್ಟು ನೋಡಿದರೆ ಒಂದೇ ಚಿಲುಮೆ ಬೇಲಿಯ ಆಚೆಗೂ ಈಚೆಗೂ ಓಡಾಡುತ್ತಿದೆ. ಹೊಗೆ ಮಾತ್ರ ಯಾವ ಮನೆಯದು ಅಂತ ತೀರ್ಮಾನವಾಗಿಲ್ಲ.

ನವೆಂಬರ್ 9

ದೊಡ್ಡಮ್ಮ ಬಿದ್ದಳು. ಹಂದಿಗೆ ಕಲಗಚ್ಚು ಹಾಕಲು ಹೋಗಿ, ಗೂಡಿನ ಬಾಗಿಲಲ್ಲಿ. ಸೊಂಟದ ಮೂಳೆ. ಲಾತಿ ಜೀಪಿನಲ್ಲಿ ಜಿಲ್ಲಾ ಆಸ್ಪತ್ರೆಗೆ ಒಯ್ದ. ಜೀಪು ತಿರುವು ದಾಟಿದ ಮೇಲೂ ಅವ್ವ ರಸ್ತೆಯಲ್ಲೇ ನಿಂತಿದ್ದಳು.

ನವೆಂಬರ್ 10

ಆಪರೇಶನ್ ಆಯಿತಂತೆ. ಆದರೆ ಕಣ್ಣು ಬಿಟ್ಟರೂ ಮಾತಿಲ್ಲ ಅಂದ ಲಾತಿ. ಗೊತ್ತಾಯಿತು. ಬಿದ್ದ ಹೆದರಿಕೆಗೆ ಆತ್ಮ ಹಂದಿಗೂಡಿನ ಹತ್ತಿರವೇ ಉಳಿದುಬಿಟ್ಟಿದೆ. ಆತ್ಮ ಕರೆಯುವ ಮೊಟ್ಟೆ ಹಿಡಿದು ಗೂಡಿನ ಮುಂದೆ ಕೂತೆ. ಲಾತಿಯ ಫೋನು ಆ ಕಡೆ ಅವಳ ಕಿವಿಗೆ.

ದಾರಿ ಹೇಳಿ ಕಳಿಸಬೇಕಲ್ಲ. ಹಳ್ಳ, ಸೇತುವೆ, ಕಣಿವೆ ಎಲ್ಲ ಪೋಥಿಯಲ್ಲಿವೆ. ಮುಂದಿನದಕ್ಕೆ ನಮ್ಮ ಪೂರ್ವಜರು ಏನೂ ಬರೆದಿಟ್ಟಿಲ್ಲ. ನಾನೇ ಕಟ್ಟಿದೆ: ಸುರಂಗ ಬರುತ್ತದೆ, ಹೆದರಬೇಡ. ಬಸ್‌ಸ್ಟ್ಯಾಂಡಿನಲ್ಲಿ ಯಾರ ಹಿಂದೆಯೂ ಹೋಗಬೇಡ. ಮೂರನೇ ಮಹಡಿ, ಹನ್ನೆರಡನೇ ಹಾಸಿಗೆ. ಲಿಫ್ಟ್ ನಂಬಬೇಡ, ಮೆಟ್ಟಿಲು ಹತ್ತು.

ಹಿಂದೆ ಕೂತ ಅವ್ವ ಬೆನ್ನಿಗೆ ತಿವಿದಳು. "ಅವಳಿಗೆ ಮಂಡಿ ನೋವು ಕಣೋ. ಲಿಫ್ಟಲ್ಲೇ ಕಳಿಸು."

ಲಿಫ್ಟಲ್ಲೇ ಕಳಿಸಿದೆ. ಸಂಜೆ ಫೋನು: ದೊಡ್ಡಮ್ಮ ಮಾತಾಡಿದಳು. ಮೊದಲ ಮಾತು, "ನನ್ನ ಹಂದಿಗೆ ಯಾರು ಕಲಗಚ್ಚು ಹಾಕ್ತಿದ್ದಾರೆ?" ಅಂತ.

ಅವ್ವ ಹಾಕುತ್ತಿದ್ದಾಳೆ. ನಿನ್ನೆಯಿಂದ. ನಮ್ಮ ಹಂದಿಗಿಂತ ಮೊದಲು.

ನವೆಂಬರ್ 12

ಡಾಕ್ಟರು ಇಪ್ಪತ್ತೈದರವರೆಗೆ ಬಿಡುವುದಿಲ್ಲವಂತೆ. ಹೊಸವರ್ಷ ಹದಿನೇಳಕ್ಕೆ. ಊರಲ್ಲಿ ಆಗಲೇ ಮಾತು: ಹಿರಿಯಳು ಊರಲ್ಲಿಲ್ಲ, ಮುಂದಿನವಳು ಬಿಮೊನ ಅವ್ವ, ಹಾಗಾದರೆ ಮೊದಲ ಹಂದಿ ಬಿಮೊನ ಮನೆಯದೇ.

ಅನಿಮೊಗೆ — ನನ್ನ ಹೆಂಡತಿಗೆ — ಕಾಲು ನೆಲಕ್ಕೆ ತಾಕುತ್ತಿಲ್ಲ. ಅಂಗಳ ಎರಡು ಸಲ ಗುಡಿಸಿದಳು. "ಅತ್ತೇ, ಹನ್ನೊಂದು ವರ್ಷ ಆದಮೇಲೆ ನಿಮ್ಮ ಆಸೆ ಕೈಗೂಡ್ತು ನೋಡಿ."

ಅವ್ವ ಹುಳಿಸೊಪ್ಪಿನ ಸಾರು ಪಕ್ಕಕ್ಕೆ ಸರಿಸಿ ಎದ್ದುಹೋದಳು. ಉಪ್ಪು ಕಡಿಮೆ ಅನ್ನಲಿಲ್ಲ. ಆಗಲೇ ನನಗೆ ಭಯವಾಯಿತು.

ನವೆಂಬರ್ 13

ಅವ್ವ ಬೆಳಿಗ್ಗೆಯೇ ವರದಿ ತಂದಳು. ಹೇಂಟೆಯೊಂದು ಹುಂಜದ ಹಾಗೆ ಕೂಗಿತಂತೆ. ಘೋರ ಅಪಶಕುನ. ದಿನ ಮುಂದಕ್ಕೆ ಹಾಕಬೇಕು.

"ಯಾರ ಹೇಂಟೆ?"

"ಮೇಲಿನ ಮನೇದು."

ಕೂಗಿದ ಹೇಂಟೆಯನ್ನು ಕೊಯ್ಯಬೇಕು ಅನ್ನುವುದು ಅವ್ವನಿಗೂ ಗೊತ್ತು, ಅದಕ್ಕೇ ನಮ್ಮದು ಕೂಗಿಲ್ಲ. ಬೇರೆ ಯಾರೂ ಕೇಳಿಲ್ಲ. ಸಾಕ್ಷ್ಯ ಸಾಲದು ಅಂತ ವಜಾ ಮಾಡಿದೆ.

ನವೆಂಬರ್ 14

ನಾಯಿ ಸೂರು ಹತ್ತಿತು.

ನಮ್ಮ ಕರಿನಾಯಿಯೇ. ನಮ್ಮ ಸೂರೇ. ಅದೂ ಜನ ಹೊಲಕ್ಕೆ ಹೊರಡುವ ಹೊತ್ತಿಗೆ, ಇಡೀ ಊರಿಗೆ ಕಾಣುವ ಹಾಗೆ. ನಾಯಿ ಸೂರು ಹತ್ತಿದರೆ ಮನೆತನ ಮುರಿಯುತ್ತದೆ ಅನ್ನುತ್ತಾರೆ. ಇದು ಬಾಲ ಅಲ್ಲಾಡಿಸುತ್ತಿತ್ತು. ಜನ ಕೆಳಗೆ ಬಾಯಿಗೆ ಕೈ ಇಟ್ಟು ನಿಂತರು. ಬಿಮೊನ ಮನೆಯಲ್ಲೇ ಹೀಗಾದರೆ ಊರ ಗತಿ ಏನು?

ನಾನು ಗಂಭೀರವಾಗಿ ಹಿತ್ತಲ ದಿಬ್ಬದ ಕಡೆಯಿಂದ ಹತ್ತಿದೆ. ಅಲ್ಲಿ ಸೂರು ನೆಲದಿಂದ ಮೊಣಕಾಲಷ್ಟೇ ಎತ್ತರ. ಹೆಂಚಿನ ಮೇಲೆ ಒಂದು ಕುರಿಮೂಳೆ. ಗುರುತು ಹಿಡಿದೆ. ನಿನ್ನೆ ರಾತ್ರಿ ನಾನೇ ಚೀಪಿ, ಹಲ್ಲುನೋವು ಬಂದು, ಅರ್ಧಕ್ಕೆ ಬಿಟ್ಟದ್ದು.

ಮೂಳೆಯನ್ನು ಅಂಗಿಯ ತೋಳಿನೊಳಗೆ ತೂರಿಸಿಕೊಂಡು ಇಳಿದೆ. ಅವ್ವ ಕಂಬಳಿ ಹೊದ್ದು ಉಣ್ಣೆ ನೂಲುತ್ತಿದ್ದಳು. ತಲೆ ಎತ್ತಲಿಲ್ಲ.

ನಲವತ್ತು ತಲೆಮಾರಿನ ಪೋಥಿಯಲ್ಲಿ ನಾಯಿ ತಾನಾಗಿ ಹತ್ತಿದರೆ ಏನು ಅಂತ ಇದೆ. ಎಂಬತ್ತು ದಾಟಿದ ಮುದುಕಿ ಮೂಳೆ ತೋರಿಸಿ ಹತ್ತಿಸಿದರೆ ಏನು ಅಂತ ಇಲ್ಲ.

ದಿನ ಮುಂದಕ್ಕೆ ಹಾಕಿಬಿಡಲೇ? ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಕೆಳಗಿನ ಮನೆಯ ಶಾಗಾ ಬಂದು ಕೈ ಹಿಡಿದಳು. "ಬಿಮೊ ಮಾವ, ನನ್ನ ಮಗಳು ಗಾರ್ಮೆಂಟ್ ಫ್ಯಾಕ್ಟರಿಯಿಂದ ಹದಿನಾರಕ್ಕೆ ರೈಲು ಹತ್ತಿ ಬರ್ತಾಳೆ. ಇಪ್ಪತ್ತಕ್ಕೆ ರಜೆ ಮುಗೀತದೆ. ಎರಡು ವರ್ಷ ಆಯ್ತು ಅವಳ ಮುಖ ನೋಡಿ."

ಸಣ್ಣ ಪೂಜೆ ಸಾಕು, ದಿನ ಬದಲಿಲ್ಲ ಅಂದೆ. ಅವ್ವ ಕದಿರು ಕೆಳಗಿಟ್ಟಳು.

ನವೆಂಬರ್ 15

ಅವ್ವ ನನ್ನ ಜೊತೆ ಉಣ್ಣುತ್ತಿಲ್ಲ. ಮಧ್ಯಾಹ್ನ ಮೂಳೆಯನ್ನು ಅವಳ ಮುಂದೆ ಇಟ್ಟೆ.

"ಯಾವ ಮೂಳೆ ಅದು?"

"ಅವ್ವಾ."

ಒಲೆಯ ಬೂದಿ ಕೆದಕುತ್ತ ಕೂತಳು. ಆಮೇಲೆ ಹೇಳಿದಳು. "ಹನ್ನೊಂದು ವರ್ಷದ ಹಿಂದೆ ಮೊದಲ ಹಂದಿ ಅವಳ ಮನೆಗೆ ಹೇಗೆ ಬಂತು? ಅವಳಿಗಿಂತ ಹಿರಿಯ ಮುದುಕಪ್ಪ ತೀರ್ಕೊಂಡ, ಬಂತು. ಅವನ ಮನೆಗೆ? ಅವನ ಅಕ್ಕ ತೀರ್ಕೊಂಡಳು, ಬಂತು. ಮೊದಲ ಹಂದಿ ಮನೆ ಬಿಟ್ಟುಹೋಗೋದು ಹಾಗೇನೇ ಕಣೋ. ಬದುಕಿರೋವಾಗ ಹೋಗಿಲ್ಲ, ಯಾರ್ದೂ. ನಾಡಿದ್ದು ನಮ್ಮ ಅಂಗಳದಲ್ಲಿ ಮೊದಲ ಹಂದಿ ಬಿದ್ದರೆ... ಅವಳು ಅಲ್ಲಿ ಹಾಸಿಗೇಲಿ ಮಲಗಿ ಏನಂತ ತಿಳ್ಕೋಬೇಕು?"

ಪೋಥಿ ತೆಗೆದೆ. ಈ ಸಲ ನಿಜವಾಗಿಯೇ ಹುಬ್ಬು ಗಂಟಾಯಿತು.

ನವೆಂಬರ್ 16, ಊರ ಸಭೆ ಮುಗಿಸಿ ಬಂದು

ನಾನು ಎದ್ದು ಹೇಳಿದೆ: ಹಿರಿಯರ ಮನೆಯ ಹಂದಿ ಮೊದಲು ಅಂತ ಕಟ್ಟಳೆ. ಹಿರಿಯರು ಮನೆಯಲ್ಲೇ ಕೂತಿರಬೇಕು ಅಂತ ಎಲ್ಲೂ ಇಲ್ಲ. ಮೊದಲ ಹಂದಿ ಜಿಹಾಮೊ ದೊಡ್ಡಮ್ಮನ ಅಂಗಳದಲ್ಲೇ ಬೀಳಲಿ. ಅವಳ ಬದಲು, ವರ್ಷದ ಶಕುನ ಹೇಳುವ ಹಂದಿಯ ಪಿತ್ತಕೋಶ ಕೈಗೆ ತಗೊಳ್ಳಲು ಮನೆತನದ ಕಿರಿಯ ಹೆಂಗಸು ಒಬ್ಬಳು ನಿಂತರೆ ಸಾಕು. ನಮ್ಮವ್ವ ನಿಲ್ಲುತ್ತಾಳೆ.

ಮುಗಾ ತಾತ ಕೆಮ್ಮಿದ. ಊರಲ್ಲಿ ಯಾವ ಕೆಲಸವೂ ಅವನ ಕೆಮ್ಮಿಲ್ಲದೆ ನಡೆಯುವುದಿಲ್ಲ. "ಆಗಲಿ. ಆದರೆ ವುಗಾಮೊ, ನೀನು ನಾನೇ ದೊಡ್ಡವಳು ಅಂತ ಹನ್ನೊಂದು ವರ್ಷ ನಮ್ಮ ಕಿವಿ ತಿಂದಿದ್ದೀಯ. ನೀನು ದೊಡ್ಡವಳಾದರೆ ಹಂದಿ ನಿನ್ನ ಮನೇದು. ಚಿಕ್ಕವಳಾದರೆ ಅವಳ ಮನೇದು. ಎರಡೂ ಕಡೆ ಕೂರಕ್ಕಾಗಲ್ಲ. ಒಂದು ಹೇಳು. ಈಗ ಹೇಳಿದ್ದು ಮತ್ತೆ ಬದಲಿಲ್ಲ."

ಎಲ್ಲರೂ ಅವ್ವನನ್ನೇ ನೋಡಿದರು. ಯಾರೋ ಆಗಲೇ ನಗಲು ಶುರುಮಾಡಿದ್ದರು.

ಅವ್ವ ಕೋಲೂರಿ ಎದ್ದಳು. ಕಂಬಳಿ ಸರಿಮಾಡಿಕೊಂಡಳು.

"ನಾನು ಆಲೂಗೆಡ್ಡೆ ಅಗೆಯೋವಾಗ ಹುಟ್ಟಿದ್ದು," ಅಂದಳು. "ಅವಳು ಅಕ್ಕ."

ಕೂತಳು. ಮುಗಾ ತಾತ ಕೆಮ್ಮುವುದನ್ನೇ ಮರೆತ.

ನವೆಂಬರ್ 17

ನಸುಕಿಗೇ ದೊಡ್ಡಮ್ಮನ ಅಂಗಳ. ಒಣ ಜರೀಗಿಡದ ಬೆಂಕಿಯಲ್ಲಿ ಹಂದಿ ಸುಟ್ಟರು. ಇಡೀ ಊರಿಗೆ ಘಮ. ಶಾಗಾ ಮಗಳನ್ನು ಕೈಬಿಡದೆ ಹಿಡಿದುಕೊಂಡೇ ಬಂದಿದ್ದಳು.

ಪಿತ್ತಕೋಶ ಬಿಡಿಸುವ ಮೊದಲು ಕನ್ನಡಕ ಎರಡು ಸಲ ಒರೆಸಿದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ. ಬತ್ತಿದ್ದರೆ ಆ ಮನೆಗೆ ಕೇಡು, ಏನಂತ ಹೇಳಲಿ? ಇದ್ದದ್ದನ್ನೇ ಹೇಳಬೇಕು, ನನ್ನ ಕೆಲಸ ಅದು. ಅವ್ವ ಎರಡು ಕೈಯೊಡ್ಡಿ ನಿಂತಿದ್ದಳು.

ತುಂಬಿತ್ತು. ಹೊಂಬಣ್ಣ. ಬಿಗಿಯಾಗಿ, ಮಳೆಗಾಲದ ಹಣ್ಣಿನ ಹಾಗೆ.

ವಿಡಿಯೋ ಕಾಲ್ ಮಾಡಿ ತೋರಿಸಿದೆವು. ಅವ್ವ ಪಿತ್ತಕೋಶವನ್ನು ಫೋನಿಗೆ ತಾಗಿಸಿಯೇಬಿಟ್ಟಳು. ದೊಡ್ಡಮ್ಮ ಬಾಯ್ತುಂಬ ನಕ್ಕು, "ಅದು ಸರಿ ತಂಗಿ, ನಿನ್ನೆ ಸಭೇಲಿ ಏನೋ ಹೇಳಿದೆಯಂತೆ. ಲಾತಿ ಹೇಳಿದ. ನನಗೆ ಸರಿಯಾಗಿ ಕೇಳಲಿಲ್ಲ, ಇನ್ನೊಂದು ಸಲ ಹೇಳು" ಅಂದಳು.

"ನೆಟ್‌ವರ್ಕ್ ಇಲ್ಲ," ಅಂದು ಅವ್ವ ಫೋನು ಮಗುಚಿಟ್ಟಳು.

ನಮ್ಮ ಹಂದಿ ಎರಡನೆಯದು. ಅನಿಮೊ ಬಡಿಸಿದಾಗ ಮೂಳೆಯ ತುಂಡುಗಳೆಲ್ಲ ನನ್ನ ತಟ್ಟೆಗೇ ಬಿದ್ದವು.

ನವೆಂಬರ್ 26, ಹನ್ನೊಂದು ಗಂಟೆ

ದೊಡ್ಡಮ್ಮ ಇವತ್ತು ಬರುತ್ತಾಳೆ. ಅವ್ವ ಬೆಳಿಗ್ಗೆಯಿಂದ ಅವಳ ಒಲೆ ಹಚ್ಚಿಟ್ಟಿದ್ದಾಳೆ. ಈಗ ನನ್ನ ಪಕ್ಕ ಬಿಸಿಲಿಗೆ ಕೂತು ಚಿಲುಮೆ ತಿಕ್ಕುತ್ತಿದ್ದಾಳೆ. ಬರೆಯುತ್ತಲೇ ಕೇಳಿದೆ, ನಿಜ ಹೇಳವ್ವ, ಯಾವಾಗ ಹುಟ್ಟಿದ್ದು?

ತಿಕ್ಕುವುದು ನಿಂತಿತು. "ನಮ್ಮಮ್ಮ ಹೇಳೋಳು. ನನ್ನನ್ನ ಮೊದಲನೇ ಸಲ ಅಂಗಳಕ್ಕೆ ತಂದ ದಿನ, ಗುಡ್ಡದ ತುಂಬಾ ಕಹಿಗೋಧಿ ಹೂ..."

ಜೀಪಿನ ಹಾರನ್.

ಮಾತು ಅಲ್ಲೇ ಬಿಟ್ಟಳು, ಕೋಲೂ ಇಲ್ಲೇ ಬಿಟ್ಟಳು. ಬೇಲಿಯ ಹತ್ತಿರ ಹೋಗಿ ನಿಂತಿದ್ದಾಳೆ. ದೊಡ್ಡಮ್ಮ ಜೀಪಿನಿಂದ ಇಳಿಯುವ ಮೊದಲೇ ಕೂಗುತ್ತಿದ್ದಾಳೆ: "ತಂಗೀ, ಈಗ ನೆಟ್‌ವರ್ಕ್ ಇದೆ. ಹೇಳೇ, ಎಲ್ಲಾರೂ ಇದ್ದಾರೆ, ಯಾವಾಗ ಹುಟ್ಟಿದ್ದು ನೀನು?" ಅವಳನ್ನು ಹೊತ್ತು ಇಳಿಸಲು ನನ್ನನ್ನೂ ಕರೆಯುತ್ತಿದ್ದಾರೆ. ಅವ್ವ ಕೈ ಬಾಯಿಯ ಪಕ್ಕ ಹಿಡಿದು ಜೋರಾಗಿ ಹೇಳುತ್ತಿದ್ದಾಳೆ, ಆಲೂಗೆ—